ಚೀನಾದ ಗಡ್ಡೆಯ ಬಗ್ಗೆ ಶಿಕ್ಕಾ ಹೊಡೆದ ಒಂದು ಸಾಲು

ಮಾನ್ಯ ಆರೋಗ್ಯಾಧಿಕಾರಿಗಳೇ,

ಒಂದು ಪ್ರಶ್ನೆ ಕೇಳಿ ಒಂಬತ್ತು ದಿನವಾಯಿತು. ತಾವು ಉತ್ತರಿಸಲಿಲ್ಲ, ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಚೀನಾದ ತಿಯಾನ್ಮಾ ಎಂಬ ಗಡ್ಡೆಯ ಪುಡಿ ತಿಂದರೆ ಮನುಷ್ಯನ ನರಕೋಶ ಉಳಿಯುತ್ತದೆಯೇ? ಅದನ್ನು ನಂಬಿ ವೈದ್ಯರು ಕೊಟ್ಟ ಗುಳಿಗೆ ಬಿಡಬಹುದೇ? ತಮ್ಮ ಗುಮಾಸ್ತರು ಅರ್ಜಿಯನ್ನು ತಿರುಗಿಸಿ ನೋಡಿ, "ಗಡ್ಡಿ-ಗಿಡ ಅಂದ್ರ ಆಯುರ್ವೇದದವ್ರ ಕಡೆ ಹೋಗವಾ" ಎಂದರು. ಆಯುರ್ವೇದದವರು, "ಚೀನಾದ್ದು ನಮ್ಮ ಪಟ್ಟಿಯೊಳಗ ಇಲ್ರಿ, ಔಷಧ ನಿಯಂತ್ರಣದವ್ರನ್ನ ಕೇಳ್ರಿ" ಎಂದರು. ಅವರು, "ಮಾರಿದವ್ರ ಮ್ಯಾಲ ದೂರು ಇದ್ರ ಕೊಡ್ರಿ. ಬರೇ ಪ್ರಶ್ನೆ ಇದ್ರ ಆರೋಗ್ಯಾಧಿಕಾರಿ ಕಡೆ ಹೋಗ್ರಿ" ಎಂದರು. ಎಂಥ ಅಚ್ಚುಕಟ್ಟು! ಚೀನಾದ ಗಡ್ಡೆ ನಮ್ಮೂರಿನ ಎರೆಹೊಲ ದಾಟಿ ಮನೆ ಬಾಗಿಲಿಗೆ ಬಂತು. ನನ್ನ ಅರ್ಜಿ ಒಂದೇ ಆವರಣದ ಮೂರು ಬಾಗಿಲು ದಾಟಲಿಲ್ಲ.

ತಪ್ಪು ಮೊದಲು ನನ್ನದು. ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ, ಆದರೆ ಮಿದುಳಿನ ಬಗ್ಗೆ ಕಲಿತದ್ದೆಲ್ಲ ಮೊಬೈಲಿನ ಒಂದು ಗುಂಪಿನಲ್ಲಿ. ಯಾರೋ ಸಂಶೋಧನೆಯ ಸ್ಕ್ರೀನ್‌ಶಾಟ್ ಹಾಕುತ್ತಾರೆ, ನಾವು ಕೆಳಗೆ ಬೆಂಕಿಯ ಇಮೋಜಿ ಸುರಿಯುತ್ತೇವೆ. ಈ ಗಡ್ಡೆಯ ಒಂದು ಅಂಶ ಪ್ರಯೋಗಾಲಯದ ತಟ್ಟೆಯಲ್ಲಿ ಸಾಯಬೇಕಿದ್ದ ನರಕೋಶಗಳನ್ನು ಉಳಿಸಿತು, ಇಲಿಗಳಲ್ಲೂ ಗುಣ ಕಂಡಿತು ಎಂದು ಓದಿದ ದಿನ ನಾನು ಕುಣಿದುಬಿಟ್ಟೆ. ಇಲಿಯಿಂದ ನನ್ನ ದೊಡ್ಡಪ್ಪನವರೆಗೆ ಎಷ್ಟು ದೂರವಿದೆ ಎಂದು ಅಲ್ಲಿ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ದೊಡ್ಡಪ್ಪ ಕುಬೇರಪ್ಪನವರಿಗೆ ಪಾರ್ಕಿನ್ಸನ್ ಕಾಯಿಲೆ, ಎಡಗೈ ನಡುಗುತ್ತದೆ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟು ಪೂಜಿಸುತ್ತಾರೆ. ಪೂಜೆ ಮುಗಿಯುವವರೆಗೆ ಅವರು ಹನಿ ನೀರೂ ಮುಟ್ಟುವುದಿಲ್ಲ. ಹುಬ್ಬಳ್ಳಿಯ ನರರೋಗ ವೈದ್ಯರು ಬೆಳಿಗ್ಗೆ ಆರಕ್ಕೆ ಗುಳಿಗೆ ನುಂಗಲು ಹೇಳಿದ್ದರು. ಗುಳಿಗೆ ಇಲ್ಲದೆ ಕೈ ನಿಲ್ಲದು, ಕೈ ನಿಲ್ಲದೆ ಪೂಜೆ ಮುಗಿಯದು, ಪೂಜೆ ಮುಗಿಯದೆ ಗುಳಿಗೆ ಇಳಿಯದು. ಕಾಲು ತಾಸಿನ ಪೂಜೆ ಒಂದೂವರೆ ತಾಸಾಯಿತು. ನರ ಉಳಿದರೆ ಕೈ ತಾನೇ ನಿಂತೀತು, ಈ ಗಂಟು ಬಿಟ್ಟೀತು ಎಂದೇ ಪುಡಿ ತರಿಸಿದೆ.

"ದೊಡ್ಡಪ್ಪಾ, ಇದು ನರಾ ಕಾಯತೈತಿ" ಎಂದೆ.

"ಕಾಯಾಕ ಗಡ್ಡಿ ಬಂದ ಮ್ಯಾಲ ಗುಳಿಗಿ ಯಾಕ ಬೇಕವಾ?" ಎಂದು ಅವರು ಗುಳಿಗೆಗಳನ್ನು ಗೋಡೆಯ ಮಾಡದಲ್ಲಿಟ್ಟು ನಕ್ಕರು. ನಾನೂ ನಕ್ಕೆ.

ಐದನೆಯ ದಿನ ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು. ನಮ್ಮ ಮನೆಗಳಲ್ಲಿ ಅದು ಪ್ರಾಣವೇ ಜಾರಿದಂತೆ. ಮಠದ ಅಜ್ಜನವರು ಬಂದು, "ಬ್ಯಾನಿ ಮಾಡಿದ್ದಕ್ಕ ನೀ ಯಾಕ ಪಾಪ ಹೊರತಿ ಕುಬೇರಪ್ಪ? ಮತ್ತ ಪೂಜಿ ಮಾಡು" ಎಂದರು.

"ಕೈ ನಿಂತ ಮ್ಯಾಲ ಮಾಡತೀನ್ರಿ ಅಜ್ಜಾರ."

ಪೂಜೆಯಿಲ್ಲದೆ ಅವರಿಗೆ ಊಟವಿಲ್ಲ. ದೊಡ್ಡವ್ವ ಮಹಾನಂದಾ ಬೈದು, ಅತ್ತು, ಸಂಜೆಗೆ ಒಂದು ಬಟ್ಟಲು ಅಂಬಲಿ ಕುಡಿಸುತ್ತಾಳೆ. ಅದರಲ್ಲೂ ಅವರು ಪುಡಿಯನ್ನೇ ಕಲಸಿಕೊಳ್ಳುತ್ತಾರೆ. ಗುಳಿಗೆ ಮಾತ್ರ ಬೇಡ.

"ನಾ ತಪ್ಪು ಹೇಳಿದ್ದೆ ದೊಡ್ಡಪ್ಪಾ, ಅದು ಇಲಿಗೆ ಕೊಟ್ಟು ನೋಡಿದ್ದು."

"ಅವತ್ತ ಮೊಬೈಲ್ ನೋಡಿ ಹೇಳಿದಿ. ಇವತ್ತೂ ಮೊಬೈಲ್ ನೋಡೇ ಹೇಳಾಕತ್ತಿ. ಯಾವದನ್ನ ನಂಬಲಿ?"

"ಭಾಳ ಶ್ಯಾಣ್ಯಾಕಿ ಅಲ್ಲೇನ ನೀ?" ದೊಡ್ಡವ್ವ ನನ್ನತ್ತ ತಿರುಗಿದಳು. "ಈಗ ಯಾವ ಗುಂಪಿನ್ಯಾಗ ಕೇಳತಿ, ಕೇಳು."

ಗುಳಿಗೆಯನ್ನು ಒಮ್ಮೆಲೇ ಬಿಡುವುದು ಅಪಾಯ, ಕೂಡಲೇ ಕರೆತನ್ನಿ ಎಂದು ಹುಬ್ಬಳ್ಳಿಯ ವೈದ್ಯರು ಫೋನಿನಲ್ಲಿ ಹೇಳಿದರು. ಅದೂ ಮೊಬೈಲಿನ ಮಾತಾಯಿತು. ದೊಡ್ಡಪ್ಪನದು ಒಂದೇ ಹಟ: "ಸರಕಾರದ ಶಿಕ್ಕಾ ಇದ್ದ ಕಾಗದ ತಾ, ಓದತೀನಿ." ತಮ್ಮ ಶಿಕ್ಕೆಯ ಮೇಲೆ ಇಷ್ಟು ಭರವಸೆ ಇಟ್ಟವರು ತಮ್ಮ ಕಚೇರಿಯಲ್ಲಾದರೂ ಎಷ್ಟು ಮಂದಿ ಇದ್ದಾರೆ?

ಚೀನಾದ ವೈದ್ಯಕೀಯದ ಮೇಲೆ ತೀರ್ಪು ಕೊಡಿ ಎನ್ನುತ್ತಿಲ್ಲ. ಗಡ್ಡೆಯಲ್ಲಿ ಗುಣವಿರಬಹುದು, ಮುಂದೆ ಸಾಬೀತಾದರೆ ನಾನೇ ಎಲ್ಲರಿಗೂ ಸಾರುತ್ತೇನೆ. ಇಂದು ಬೇಕಾದದ್ದು ಒಂದು ಹಾಳೆ. "ಈ ಪುಡಿ ಗುಳಿಗೆಯ ಬದಲಿಗೆ ಆದೀತೆಂದು ನಮಗೆ ಗೊತ್ತಿಲ್ಲ, ಗುಳಿಗೆ ಬಿಡಬೇಡಿ" ಎಂದು ಬರೆದು, ಸಹಿ ಮಾಡಿ, ಶಿಕ್ಕಾ ಹೊಡೆಯಿರಿ. ಗೊತ್ತಿಲ್ಲ ಎಂದು ಬರೆಯಲು ಯಾವ ಇಲಾಖೆಯ ಒಪ್ಪಿಗೆ ಬೇಕು? ಇವತ್ತು ಬೆಳಿಗ್ಗೆ ದೊಡ್ಡಪ್ಪನನ್ನು ಹಾಸಿಗೆಯಿಂದ ಎಬ್ಬಿಸಲು ಇಬ್ಬರು ಬೇಕಾದರು. ನಾಳೆ ಓದಿಕೊಳ್ಳಲು ಅವರ ಕೈಯಲ್ಲಿ ಹಾಳೆ ನಿಲ್ಲುತ್ತದೋ ಇಲ್ಲವೋ, ತಿಳಿಯದು. ದಯವಿಟ್ಟು ಅಕ್ಷರ ದೊಡ್ಡದಾಗಿ ಬರೆಯಿರಿ.

ಇಂತಿ,
ನಂಬಿಸಲು ಬಂದ, ನಂಬಿಕೆ ಬಿಡಿಸಲು ಬಾರದ
ಅಮೃತಾ