ಡಿವಿಡಿ ನಿಲ್ಲುತ್ತಿದ್ದ ಜಾಗ

ಅಪ್ಪಾ,

ತಂಗಿ ಸೌಜನ್ಯಳ ಮದುವೆಯ ಡಿವಿಡಿ ನೀನು ಬಾಯಿ ತೆರೆಯುವಲ್ಲೇ ನಿಂತುಬಿಡುತ್ತಿತ್ತು. ಆ ಜಾಗದಲ್ಲಿ ವಿಡಿಯೋದ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಓದಬೇಕಾದ ಮಾಹಿತಿ, ಹೆಚ್ಚಂತೆ, ನಮ್ಮ ಪ್ಲೇಯರಿನ ಹಳೆಯ ಡ್ರೈವ್ ಅಷ್ಟು ವೇಗವಾಗಿ ಓದಲಾರದಂತೆ. ಇವತ್ತು ಚಿಂತಾಮಣಿಯಿಂದ ಹೊಸ ಡ್ರೈವ್ ತಂದು ನಾನೇ ಕೂರಿಸಿದೆ. ಒಂದೊಂದು ಸ್ಕ್ರೂವನ್ನೂ ಎರಡೆರಡು ಸಲ ಬಿಗಿದು ನೋಡಿದೆ. ನೀನು ಹೋದ ಮೇಲೆ ನಿನ್ನ ದನಿ ಉಳಿದಿರುವುದು ಅದೊಂದರಲ್ಲೇ.

ಆ ಜಾಗ ಬಂದಾಗ ಅಮ್ಮ ನನ್ನ ತೋಳು ಹಿಡಿದಳು. ಚಿತ್ರ ತಡವರಿಸಿತು.

"ನಿಂತೋಯ್ತೇನೋ?"

"ಇರಮ್ಮ, ಓದ್ತಾ ಇದೆ."

ನೀನು ಕ್ಯಾಮೆರಾದವನನ್ನು ನೋಡಿ ನಕ್ಕು, "ನನ್ನನ್ನೇನ್ ತೆಗೀತೀಯಪ್ಪ? ಮಗಳನ್ನ ತೆಗಿ, ಹೋಗು" ಅಂದೆ.

ಅವನು ಅತ್ತ ತಿರುಗಿದ. ಕೊನೆಯವರೆಗೂ ಕಾದೆವು. ನೀನು ಮತ್ತೆ ಬರಲಿಲ್ಲ.

ಅಮ್ಮ ಟಿವಿಯ ಕಡೆಗೇ ನೋಡುತ್ತಾ ಕೇಳಿದಳು: "ಹೋಗು ಅಂದ್ರೆ ಹೋಗೇಬಿಡೋದೇನೋ ಅವ್ನು?"