ಪ್ಲಾಸ್ಟಿಕ್ ಬಿಚ್ಚದ ಸುರುಳಿಗಳು

ಸ್ಯಾನ್ ಫರ್ನಾಂಡೊ, ಟ್ರಿನಿಡಾಡ್
ಫೆಬ್ರವರಿ 4, ಮಂಗಳವಾರ

ಪ್ರೀತಿಯ ಜಾಸೆಟ್,

ಈ ಕಾಗದ ಮಗಳಿಗೆ ಬರೆದದ್ದು. ನಿನ್ನೊಳಗಿನ ಸಂಸ್ಕೃತಿ ಮಂತ್ರಿಗಳು ಮೊದಲು ಓದಿ ಆಮೇಲೆ ಮಗಳ ಕೈಗೆ ಕೊಡುವುದು ಬೇಡ. ಲಕೋಟೆಯ ಮೇಲೆ ‘ಸ್ವಂತ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ನಿನ್ನ ಸೆಕ್ರೆಟರಿ ಒಡೆಯಲಾರಳು ಎಂದುಕೊಂಡಿದ್ದೇನೆ. ಕ್ರಿಸ್‌ಮಸ್‌ಗೂ ಮುಂಚೆ ಎರಡು ಸಲ ಫೋನ್ ಮಾಡಿದಾಗ ಅವಳು ಬಹಳ ವಿನಯದಿಂದ, ಯಾವ ವಿಷಯವಾಗಿ ಮಾತನಾಡಬೇಕು ಎಂದು ಕೇಳಿದಳು. ಹೆತ್ತ ವಿಷಯವಾಗಿ ಎನ್ನಬೇಕೆನಿಸಿತು. ಫೋನ್ ಇಟ್ಟೆ.

ಮೂರು ದಿನವಾಯಿತು, ಹಾಲು ಉಕ್ಕಿಸುತ್ತೇನೆ, ಬಾಗಿಲು ಹಾಕುವುದನ್ನು ಮರೆಯುತ್ತೇನೆ. ಶನಿವಾರ ಸಂಜೆ ಕ್ಯಾಲಿಪ್ಸೊ ಹಾಡಿನ ಟೆಂಟಿನಲ್ಲಿ ಕಂಡದ್ದು ಕಣ್ಣಿನಿಂದ ಹೋಗುತ್ತಿಲ್ಲ. ಹೆಸರಿಗೆ ಟೆಂಟು, ಇರುವುದು ಅದೇ ಹಳೆಯ ಯೂನಿಯನ್ ಹಾಲ್, ನಿನಗೆ ಗೊತ್ತಲ್ಲ. ಗ್ಲೋರಿಸ್ ಚಿಕ್ಕಮ್ಮನೂ ನಾನೂ ಆರನೇ ಸಾಲಿನಲ್ಲಿದ್ದೆವು. ಮುಂದಿನ ಮೂರು ಸಾಲಿನವರು ಒಬ್ಬರೂ ಗುರುತಿನವರಲ್ಲ. ಯಾವ ಹಾಡಿಗೂ ನಗದೆ, ಚಪ್ಪಾಳೆ ತಟ್ಟದೆ, ಬಸ್ಸಿಗೆ ಕಾಯುವವರ ಹಾಗೆ ಕುಳಿತಿದ್ದರು.

ತಂಬ್ರಾನ್ ಮಾವನ ಸರದಿ ಬಂತು. ಅವನ ಹೊಸ ಹಾಡಿನ ಪಲ್ಲವಿ ಅಭ್ಯಾಸದ ದಿನಗಳಲ್ಲೇ ಊರೆಲ್ಲ ಹರಡಿತ್ತು. ಬ್ಯಾಂಡ್ ಶುರುವಾಯಿತು, ಅವನು ಟೋಪಿ ಎತ್ತಿ ನಮಸ್ಕರಿಸಿ ಬಾಯಿ ತೆರೆದ, ಅಷ್ಟೇ. ಮೂರು ಸಾಲೂ ಎದ್ದು ನಿಂತು ಟಾಯ್ಲೆಟ್ ಪೇಪರ್ ಬೀಸತೊಡಗಿದವು.

ಹಾಡು ಹಿಡಿಸದಿದ್ದರೆ ಪೇಪರ್ ಬೀಸುವುದು ನಮ್ಮ ಜನರ ಹಕ್ಕು, ಅದನ್ನು ನಾನು ಯಾವತ್ತೂ ಅಲ್ಲಗಳೆದವಳಲ್ಲ. ನಾನೂ ಬೀಸಿದ್ದೇನೆ. ಆದರೆ ಅದು ಮನೆಯ ಬಚ್ಚಲಿನಿಂದ ತಂದ ಅರ್ಧ ಸುರುಳಿ. ಎರಡು ಚರಣ ಕೇಳಿ, ಸಹಿಸಿ, ಆಮೇಲೆ ಬ್ಯಾಗಿನಿಂದ ತೆಗೆಯುವಂಥದ್ದು. ಶನಿವಾರದ ಸುರುಳಿಗಳೆಲ್ಲ ಹೊಸವು, ಎಲ್ಲವೂ ಒಂದೇ ಅಂಗಡಿಯವು. ಮೇಲಿನ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ, ಜಾಸೆಟ್. ದೀಪದ ಬೆಳಕಿಗೆ ಆ ಪ್ಲಾಸ್ಟಿಕ್ ಹೊಳೆಯುತ್ತಿತ್ತು.

ತಂಬ್ರಾನ್ ಏನು ಮಾಡಿದ ಗೊತ್ತೇ? ಮೊದಲು ತಲೆ ಬಗ್ಗಿಸಿ ಪ್ಯಾಂಟಿನ ಜಿಪ್ ನೋಡಿಕೊಂಡ. ತನ್ನಿಂದಲೇ ಏನೋ ಎಡವಟ್ಟಾಗಿದೆ ಎಂದುಕೊಂಡಿತು ಪಾಪ, ಆ ಜೀವ. ಆಮೇಲೆ ನಮ್ಮ ಕಡೆ ನೋಡಿದ, ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಒಳಗೆ ಹೋದ. ಹಾಡುವವನಿಲ್ಲದೆ ಬ್ಯಾಂಡ್ ಇನ್ನೂ ಸ್ವಲ್ಪ ಹೊತ್ತು ಬಾರಿಸುತ್ತಲೇ ಇತ್ತು.

ನಾನು ಉಸಿರಾಡಲು ಹೊರಗೆ ಬಂದೆ. ಗೇಟಿನ ಬಳಿ ನಿನ್ನ ಕಾರು. ಡಿಕ್ಕಿ ತೆರೆದಿತ್ತು, ನಿನ್ನ ಡ್ರೈವರ್ ರೋನಿಲ್ ಉಳಿದ ಸುರುಳಿಗಳ ಕಟ್ಟನ್ನು ಒಳಗೆ ತುರುಕುತ್ತಿದ್ದ. ನನ್ನನ್ನು ಕಂಡು ಒಂದು ಕಟ್ಟನ್ನು ಬೆನ್ನ ಹಿಂದೆ ಹಿಡಿದು, “ಮನೆಗೆ ಬೇಕಾಗಿತ್ತು ಆಂಟಿ” ಎಂದ. “ನಿಮ್ಮನೇಲಿ ಎಷ್ಟು ಜನ ಇದೀರಪ್ಪಾ ರೋನಿಲ್?” ಎಂದು ಕೇಳಿದೆ. ಅವನು ಆ ಕಟ್ಟನ್ನೂ ಒಳಗೆಸೆದು ಡಿಕ್ಕಿ ಮುಚ್ಚಿದ.

ಆಗಲೂ ನಿನಗೆ ಗೊತ್ತಿಲ್ಲದೆ ಪಕ್ಷದವರು ಮಾಡಿದ ಕೆಲಸ ಇದು ಎಂದೇ ನಂಬಿದೆ. ದಾರಿಯುದ್ದಕ್ಕೂ ಗ್ಲೋರಿಸ್ ಜೊತೆ ನಿನ್ನ ಪರವಾಗಿ ಜಗಳವಾಡಿದೆ. ಭಾನುವಾರ ಬೆಳಿಗ್ಗೆ ಕಲ್ಲಾಲೂ ಸಾರಿಗೆ ಕೆಸುವಿನ ಎಲೆ ಹೆಚ್ಚುತ್ತಾ ರೇಡಿಯೋ ಹಾಕಿದೆ. ನಿನ್ನ ಧ್ವನಿ ಬಂತು. ಚರ್ಚೆ ನಡೆಸುವವರು ಆ ಹಾಡಿನ ಬಗ್ಗೆ ಕೇಳಿದರು. ನೀನು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯಬಲ್ಲೆ: “ಜನರೇ ತೀರ್ಪು ಕೊಟ್ಟಾಯ್ತಲ್ಲ. ಹಾಡೋರು ಹಾಡ್ಕೊಂಡಿರ್ಲಿ, ರಾಜಕೀಯ ನಮಗೆ ಬಿಡ್ಲಿ. ಆ ಹಾಡು ಬರೆದೋನು ಯಾರೋ, ಹೆಂಗಸು ಮಂತ್ರಿ ಆಗಿದ್ದನ್ನ ಕಂಡರೆ ಆಗದೇ ಇರೋನು.”

ಜನರೇ! ಡಿಕ್ಕಿಯಲ್ಲಿ ತಂದ ಜನ!

ನಿನಗೆ ಏಳು ವರ್ಷವಿದ್ದಾಗ ಅದೇ ಹಾಲಿನಲ್ಲಿ, ನನ್ನ ತೊಡೆಯ ಮೇಲೆ ಕುಳಿತು, ಮುಂದಿನ ಸಾಲಿನಲ್ಲಿದ್ದ ಒಬ್ಬ ಮಂತ್ರಿಯನ್ನು ನೋಡಿದ್ದೆ. ರಸ್ತೆ ಗುಂಡಿಗಳ ಬಗ್ಗೆ ಹಾಡುತ್ತಾ ತಂಬ್ರಾನ್ ಆ ಮಂತ್ರಿಯ ಮಾನ ಹರಾಜು ಹಾಕುತ್ತಿದ್ದ. ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೈತಾ ಇದ್ದರೂ ಯಾಕೆ ನಗ್ತಾರೆ ಎಂದು ನೀನು ಕೇಳಿದೆ. ನಗದಿದ್ದರೆ ಹಾಡು ನಿಜ ಅಂತ ಒಪ್ಪಿಕೊಂಡ ಹಾಗೆ ಎಂದು ನಾನು ಹೇಳಿದೆ. ಗುಂಡಿ ಮುಚ್ಚಿತೋ ಇಲ್ಲವೋ ನೆನಪಿಲ್ಲ, ಆದರೆ ಅವರು ಮರುವರ್ಷವೂ ಬಂದು ಅದೇ ಕುರ್ಚಿಯಲ್ಲಿ ಕುಳಿತರು. ಈ ಊರಿನ ರಾಜಕೀಯ ಚರ್ಚೆ ನಡೆಯುತ್ತಿದ್ದುದೇ ಹಾಗೆ. ಅದನ್ನು ‘ನಮಗೆ ಬಿಡಲಿ’ ಎಂದರೆ ಯಾರಿಗೆ ಬಿಡಬೇಕು?

ಮತ್ತೆ ಈ ಸಲದ ಹಾಡಿನಲ್ಲಿ ಇದ್ದದ್ದಾದರೂ ಏನು? ನಮ್ಮ ಬೀದಿಯ ಪ್ಯಾನ್ ಅಂಗಳ. ಐವತ್ತು ವರ್ಷದಿಂದ ಹುಡುಗರು ಹುಡುಗಿಯರು ಉಕ್ಕಿನ ಪ್ಯಾನ್ ವಾದ್ಯ ಬಾರಿಸುವುದನ್ನು ಕಲಿತ ಜಾಗ. ನೀನೂ ಕಾಲ್ಚೀಲ ಜಾರಿಸಿಕೊಂಡು, ಒಂದು ಪೆಟ್ಟಿಗೆಯ ಮೇಲೆ ಹತ್ತಿ ನಿಂತು, ಅಲ್ಲೇ ಕಲಿತೆ. ಈಗ ಪಕ್ಕದಲ್ಲಿ ನಿನ್ನ ಸಂಸ್ಕೃತಿ ಭವನ ಏಳುತ್ತಿದೆ, ಅದಕ್ಕೆ ಬರುವವರ ಕಾರು ನಿಲ್ಲಿಸಲು ಈ ಅಂಗಳ ಬೇಕಂತೆ. ‘ಸಂಸ್ಕೃತಿಗೆ ಮನೆ ಕಟ್ಟಿದಳಂತೆ, ಸಂಗೀತಾನ ಬೀದಿಗೆ ಬಿಟ್ಟಳಂತೆ’, ಇಷ್ಟೇ ಅದರ ಪಲ್ಲವಿ. ನಿನ್ನ ಬಟ್ಟೆಯ ಬಗ್ಗೆ, ಮೈಬಣ್ಣದ ಬಗ್ಗೆ, ನಿನ್ನ ಮುರಿದ ಮದುವೆಯ ಬಗ್ಗೆ ಒಂದು ಅಕ್ಷರ ಅದರಲ್ಲಿಲ್ಲ. ಬರೆದವರು ಬಹಳ ಜಾಗರೂಕತೆಯಿಂದ ಬರೆದಿದ್ದಾರೆ.

ನಿನ್ನೆ ತಂಬ್ರಾನ್ ಮನೆಗೆ ಬಂದಿದ್ದ. ಜಗಲಿಯ ಮೇಲೆ ಕುಳಿತ, ಕೊಟ್ಟ ಮಾಬಿ ಷರಬತ್ತನ್ನು ಮುಟ್ಟಲಿಲ್ಲ. “ಟೀಚರ್, ನಲವತ್ತು ವರ್ಷ ಹಾಡಿದೀನಿ. ಕೇಳಿ ಬೈದೋರು ಬೇಕಾದಷ್ಟು ಜನ. ಕೇಳದೇ ಬೈದೋರು ಇವರೇ ಮೊದಲು” ಎಂದ. ಇನ್ನು ಹಾಡುವುದಿಲ್ಲವಂತೆ. ಈಗ ಬಾಯಿ ತೆರೆದರೆ ಆ ಪ್ಲಾಸ್ಟಿಕ್ ಕಾಣುತ್ತದಂತೆ.

ಈಗ ಹೇಳಲೇಬೇಕಾದ್ದನ್ನು ಹೇಳುತ್ತೇನೆ, ಮಗಳೇ. ಪ್ರತಿವರ್ಷ ಕ್ರಿಸ್‌ಮಸ್ ಹೊತ್ತಿಗೆ ತಂಬ್ರಾನ್ ಮಾವ ನಮ್ಮ ಮನೆಗೆ ಪೆನ್ಷನ್ ಅರ್ಜಿ ಬರೆಸಿಕೊಳ್ಳಲು ಬರುತ್ತಾನೆ ಎಂದು ನಿನಗೆ ಹೇಳುತ್ತಿದ್ದೆ. ಯಾವ ಪೆನ್ಷನ್‌ಗೆ ಮೂವತ್ತೊಂದು ವರ್ಷ ಅರ್ಜಿ ಬರೆಯುತ್ತಾರೆ? ಅವನು ಹಾಡು ತೆಗೆದುಕೊಂಡು ಹೋಗಲು ಬರುತ್ತಿದ್ದ. ನಾನು ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೆ, ಅವನು ಹಾಡುತ್ತಿದ್ದ. ಬರೆದವರು ಯಾರೆಂದು ಕೇಳಬಾರದು ಎಂಬುದು ಟೆಂಟಿನ ಮರ್ಯಾದೆ, ಅದರ ಹಿಂದೆ ನಾನು ಹಾಯಾಗಿ ಅಡಗಿಕೊಂಡಿದ್ದೆ. ಟೀಚರ್ ಕೆಲಸ ಇತ್ತು, ಚರ್ಚಿನವರ ಭಯ ಇತ್ತು. ರಸ್ತೆ ಗುಂಡಿ ನನ್ನದು. ಈ ಅಂಗಳದ ಹಾಡೂ ನನ್ನದೇ. ‘ಹೆಂಗಸು ಮಂತ್ರಿ ಆಗಿದ್ದನ್ನ ಕಂಡರೆ ಆಗದೇ ಇರೋನು’ ನಾನೇ, ನೀನು ಪ್ರಮಾಣವಚನ ತೆಗೆದುಕೊಂಡ ದಿನ ಟಿವಿ ಮುಂದೆ ಮೊಣಕಾಲೂರಿ ಅತ್ತವಳು.

ಅಂಗಳದ ವಿಷಯಕ್ಕೆ ಮಾಡಿದ ಎರಡು ಫೋನಿಗೂ ನೀನು ಸಿಗಲಿಲ್ಲ. ಮಂತ್ರಿಗೆ ಮಾತು ಮುಟ್ಟಿಸಲು ನನಗೆ ಗೊತ್ತಿದ್ದ ಇನ್ನೊಂದು ದಾರಿ ಹಾಡೊಂದೇ. ಆದರೆ ನನ್ನ ಮಾತಿಗೆ ಬಿದ್ದ ಪೆಟ್ಟನ್ನು ಆ ಮುದುಕ ತಿಂದ. ಅದು ನನ್ನ ತಪ್ಪು, ಅದಕ್ಕೆ ನಾಚಿಕೆಯಾಗಿದೆ. ನಿನಗೂ ಆಗಲಿ ಎಂದು ಬರೆಯುತ್ತಿದ್ದೇನೆ.

ಶುಕ್ರವಾರ ಟೆಂಟಿಗೆ ಬಾ. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕಾದಿರಿಸಿದ್ದೇನೆ. ಮೊದಲು ತಂಬ್ರಾನ್ ಮಾವನ ಕೈ ಹಿಡಿದು ತಪ್ಪಾಯಿತು ಎನ್ನು. ಆಮೇಲೆ ಹಾಡು ಕೇಳು. ಕೊನೆಯ ಚರಣದಲ್ಲಿ ಪೆಟ್ಟಿಗೆಯ ಮೇಲೆ ನಿಂತ ಒಬ್ಬ ಹುಡುಗಿ ಬರುತ್ತಾಳೆ. ಅದನ್ನು ಇನ್ನೂ ಯಾರೂ ಕೇಳಿಲ್ಲ.

ಪ್ರೀತಿಯಾಗಲಿ ಸಿಟ್ಟಾಗಲಿ ಎಳ್ಳಷ್ಟೂ ಕಡಿಮೆಯಾಗದ,
ನಿನ್ನ ಅಮ್ಮ
ಯೂಲಾಲಿ

ತಾ.ಕ.: ತಂಬ್ರಾನ್ ಹಾಡುವುದಿಲ್ಲ ಎಂದನಲ್ಲ, ಶುಕ್ರವಾರ ಹಾಡುವವಳು ನಾನು. ಗ್ಲೋರಿಸ್ ಬೇಡವೆಂದು ಅತ್ತಳು. ವೇದಿಕೆಯ ಹೆಸರು ಏನೆಂದು ಕೂಗಬೇಕು ಎಂದು ಟೆಂಟಿನ ಮ್ಯಾನೇಜರ್ ಕೇಳಿದರು. ನೀನು ರೇಡಿಯೋದಲ್ಲಿ ಇಟ್ಟ ಹೆಸರನ್ನೇ ಕೊಟ್ಟಿದ್ದೇನೆ: ‘ಬರೆದೋನು’. ನಿನ್ನ ಜನರನ್ನು ಕರೆತರುವುದಾದರೆ ಧಾರಾಳವಾಗಿ ಕರೆದುಕೊಂಡು ಬಾ, ಸುರುಳಿಗಳನ್ನೂ ತರಲಿ. ಪ್ಲಾಸ್ಟಿಕ್ ಮಾತ್ರ ಬಿಚ್ಚಿಕೊಂಡು ಬರಲು ಹೇಳು.