ಅವ್ವನ ಮೊಳಕೈಯ ಸುಣ್ಣ, ದವಾಖಾನೆಯ ಬೀಗ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಿಮ್ಮ ಕೈಕೆಳಗಿನ ತಾಲೂಕು ದವಾಖಾನೆಯವರು ನಮ್ಮವ್ವ ಶೆಟ್ಟೆವ್ವನ ಸುಣ್ಣದ ಡಬ್ಬಿಯನ್ನು ಕಸಿದುಕೊಂಡು, ಅದೇ ದಿನ ಅವಳ ಕೈಗೆ ಕ್ಯಾಲ್ಸಿಯಂ ಗುಳಿಗೆಗಳ ಪೊಟ್ಟಣ ಕೊಟ್ಟರು. ಗುಳಿಗೆಯಲ್ಲಿ ಇರುವುದೂ ಒಂದು ಬಗೆಯ ಸುಣ್ಣವೇ ಎಂದು ನನಗೆ ಆಮೇಲೆ ತಿಳಿಯಿತು. ಎಲೆಯಲ್ಲಿ ತಿಂದರೆ ರೋಗ, ಸರ್ಕಾರ ಕೊಟ್ಟರೆ ಔಷಧವೇ?

ಅವ್ವನ ಮೊಳಕೈ ಸುತ್ತ ಗಂಟು ಬೆಳೆದು, ಕೈ ಮಡಿಸಲಾಗದೆ ರೊಟ್ಟಿ ಬಡಿಯುವುದು ನಿಂತಿತ್ತು. ಒಂದು ದಿನ ಗಂಟು ಒಡೆದು ಕಲಸಿದ ಸುಣ್ಣದಂಥ ಬಿಳಿ ರಸ ಸೋರಿತು. ಅವ್ವ ಹರೆಯದಿಂದಲೂ ಎಲೆ ಅಡಿಕೆ ತಿನ್ನುವವಳು. ಹೀಗಾಗಿ ರೋಗ ಪತ್ತೆಹಚ್ಚಲು ನಮ್ಮ ಓಣಿಗೆ ಹೊತ್ತು ಹಿಡಿಯಲಿಲ್ಲ.

“ಜಲ್ಮಾ ಎಲಿ ತಿಂದೀಯಲ್ಲ, ನುಂಗಿದ ಸುಣ್ಣ ಎಲ್ಲಿ ಹೋಗಬೇಕ? ಮೊಳಕೈಗೆ ಬಂದು ಕುಂತೈತಿ,” ಎಂದಳು ನೆರೆಮನೆಯ ದೇವಕ್ಕ.

“ಹಂಗಾದ್ರ ನಿನ್ನ ಗ್ವಾಡಿಗೆ ನನ್ನ ಕೈ ತಿಕ್ಕೋ ಬಾರವ್ವ, ಹಬ್ಬದ ಸುಣ್ಣಾ ಉಳೀತೈತಿ,” ಎಂದಳು ಅವ್ವ.

ದೇವಕ್ಕ ಸಾಲೆಯ ಮುಖ ನೋಡದೆ ಹೇಳಿದ್ದನ್ನೇ ನಿಮ್ಮ ವೈದ್ಯಾಧಿಕಾರಿಗಳು ಅಷ್ಟೆಲ್ಲ ಓದಿ ಹೇಳಿದರು. ಎಲುಬು ಸೋತಿವೆ, ಗುಳಿಗೆ ನುಂಗಲಿ, ಹಾಲು ಹೆಚ್ಚು ಕುಡಿಯಲಿ ಎಂದೂ ಸೇರಿಸಿದರು. ನಾವು ವಿಧೇಯ ಜನ, ಹಾಗೇ ಮಾಡಿದೆವು. ಹೆಗಲಲ್ಲಿ ಇನ್ನೊಂದು ಗಂಟು ಎದ್ದಿತು, ಕಾಲು ಬಾತವು.

ಕೊನೆಗೆ ಬೈಲಹೊಂಗಲದಲ್ಲಿ ಬಸ್ಸು ಬದಲಿಸಿ ಅವಳನ್ನು ಬೆಳಗಾವಿಗೆ ಕರೆದೊಯ್ದೆ. ದಾರಿಯುದ್ದಕ್ಕೂ, ಬಸ್ಸು ಕುಲುಕಿದಾಗಲೆಲ್ಲ, ಅವಳು ಹಲ್ಲು ಕಚ್ಚಿ ಕುಳಿತಿದ್ದಳು. ಅಲ್ಲಿಯ ಡಾಕ್ಟರರು ರಕ್ತ, ಮೂತ್ರ ಪರೀಕ್ಷಿಸಿ ನನ್ನನ್ನು ಬದಿಗೆ ಕರೆದರು.

“ತಮ್ಮಾ, ಸುಣ್ಣ ಮೊಳಕೈಯಾಗ ಐತಿ ಖರೆ, ರೋಗ ಇರೂದು ಮೂತ್ರಪಿಂಡದಾಗ.”

ಮೂತ್ರಪಿಂಡ ಹೊರಗೆ ಹಾಕಬೇಕಾದ ಲವಣ ರಕ್ತದಲ್ಲೇ ಉಳಿದು, ಸುಣ್ಣದ ಜೊತೆ ಕೂಡಿ ಕೀಲುಗಳ ಸುತ್ತ ಗಡ್ಡೆ ಕಟ್ಟುತ್ತದಂತೆ. ಗುಳಿಗೆ ಬಿಡಿಸಿದರು, ಹಾಲು ಕಡಿಮೆ ಮಾಡಿಸಿದರು, ಎಲೆಯ ಸುಣ್ಣವೂ ಬೇಡವೆಂದರು. ದೇವಕ್ಕನಿಗೆ ಅಷ್ಟರ ಮಟ್ಟಿಗೆ ಗೆಲುವು. ವಾರಕ್ಕೊಮ್ಮೆ ನಿನ್ನ ತಾಲೂಕಿನಲ್ಲೇ ಮೂತ್ರ ಪರೀಕ್ಷೆ ಮಾಡಿಸು, ಫಲಿತಾಂಶ ಕೆಟ್ಟರೆ ತಕ್ಷಣ ಅವ್ವನನ್ನು ಕರೆತಾ, ತಡವಾದರೆ ಜೀವ ಉಳಿಯುವುದಿಲ್ಲ ಎಂದರು.

ನಮ್ಮ ತಾಲೂಕು ದವಾಖಾನೆಯಲ್ಲಿ ರಕ್ತ, ಮೂತ್ರದ ತಪಾಸಣಾ ಕೋಣೆ ಇದೆ, ಅದಕ್ಕೆ ಬೀಗವೂ ಇದೆ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದಾಗ ದವಾಖಾನೆಯ ಫಲಕ ಹೊಸದಾಯಿತು, ಬೀಗ ಮಾತ್ರ ಹಳೆಯದೇ ಉಳಿಯಿತು. ಕಂಪೌಂಡರರನ್ನು ಕೇಳಿದೆ.

“ಕೀಲಿಕೈ ವರ್ಗಾ ಆದವರ ಕೂಡ ಹೋಗೇತಿ,” ಎಂದರು. “ನಮ್ಮ ತಾಲೂಕಿನಾಗ ಆ ರೋಗದವರು ಯಾರೂ ಇಲ್ಲ ಬಿಡ.”

ನಿಜ, ಪರೀಕ್ಷಿಸದಿದ್ದರೆ ರೋಗಿ ಎಲ್ಲಿಂದ ಬರಬೇಕು? ಒಂದೇ ಬೀಗದಿಂದ ಇಡೀ ತಾಲೂಕಿನ ಮೂತ್ರಪಿಂಡಗಳನ್ನು ಗುಣಪಡಿಸಿದ ನಿಮ್ಮ ಇಲಾಖೆಗೆ ಹಾರ ಹಾಕಬೇಕು.

ಆದರೂ ಆ ಕೋಣೆಯನ್ನು ತೆರೆಸಿರಿ. ಕೀಲಿಕೈ ಸಿಗದಿದ್ದರೆ ಬೀಗ ಒಡೆಸಿರಿ. ಪರೀಕ್ಷೆ ಬಲ್ಲವರೊಬ್ಬರನ್ನು ಕೂರಿಸಿರಿ. ದೊಡ್ಡವರ ಮುಂದೆ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಬರೆದಿದ್ದೇನೆ. ಬರುವ ಸೋಮವಾರ ಅವ್ವನ ಮೂತ್ರದ ಬಾಟಲಿ ಹಿಡಿದು ಆ ಬಾಗಿಲ ಮುಂದೆ ನಿಲ್ಲುತ್ತೇನೆ. ತೆರೆಯದಿದ್ದರೆ ಮರುವಾರವೂ ಬಂದು ನಿಲ್ಲುತ್ತೇನೆ, ಅವ್ವ ಇರುವ ತನಕ.

ಇಂತಿ,
ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟ,
ನಿಮ್ಮ ಲೆಕ್ಕದಲ್ಲಿ ಇಲ್ಲದ ರೋಗಿಯ ಮಗ
ಉಳವಪ್ಪ